ಮಿಷನ್‌ನವರು ಬಂದಿದ್ದಾರೆ

ಮೂವತ್ತೊಂದು ವರ್ಷ ಕನ್ನಡಕದ ಅಂಗಡಿ ನಡೆಸಿದ ಮನುಷ್ಯರೊಬ್ಬರು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು, ಒಂದು ವರ್ಷದ ಮಟ್ಟಿಗೆ ಮಿಷನ್ ಸೇವೆಗೆಂದು ಗುರುತು ಪರಿಚಯವಿಲ್ಲದ ಊರಿಗೆ ಬಂದರೆ ಆ ಊರು ಏನು ಮಾಡಬೇಕು? ಹೆಚ್ಚೇನೂ ಬೇಡ, ಬಾಗಿಲು ತೆರೆದರೆ ಸಾಕು. ಈ ಊರು ಅಷ್ಟನ್ನೂ ಮಾಡಲಿಲ್ಲ.

ಅವರನ್ನು ಕನ್ನಡಕದವರು ಎಂದೇ ಕರೆಯೋಣ. ಅವರ ಸ್ವಂತ ಊರಿನ ಚರ್ಚಿನ ಸಭೆಯಲ್ಲಿ ಪಾದ್ರಿ ಅಯ್ಯನವರಿಂದ ಹಿಡಿದು ಗಂಟೆ ಬಾರಿಸುವವರವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಇಲ್ಲಿ ಮಾತ್ರ ಅವರನ್ನು ಏನೆಂದೂ ಕರೆಯುವವರಿರಲಿಲ್ಲ. ಕದ ತಟ್ಟಿದರೆ ಬಾಗಿಲ ಕಿಂಡಿಯಲ್ಲಿ ಒಂದು ಕಣ್ಣು ಮೂಡುತ್ತಿತ್ತು. ಇವರ ಕಪ್ಪು ಚೀಲವನ್ನೂ ನಗುಮುಖವನ್ನೂ ಒಮ್ಮೆ ನೋಡಿ ಮಾಯವಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಅಂಥ ಇನ್ನೂರು ಕಣ್ಣುಗಳನ್ನು ಅವರು ಕಂಡಿದ್ದರು. ಯಾವ ಕಣ್ಣಿಗೆ ಎಷ್ಟು ಪವರ್ ಬೇಕೆಂದು ಹೇಳಬಲ್ಲವರಾಗಿದ್ದರೇ ಹೊರತು, ಯಾವುದು ಯಾರ ಕಣ್ಣೆಂದು ಹೇಳಲಾರದವರಾಗಿದ್ದರು.

ಇದರಿಂದ ಅವರಿಗಾದ ನೋವು ಸಾಮಾನ್ಯವಲ್ಲ. ಯಾಕೆಂದರೆ ಅವರ ಬಳಿ ನಲವತ್ತು ನಿಮಿಷದ ಒಂದು ಭಾಷಣ ತಯಾರಾಗಿತ್ತು. ತಾವು ಹುಟ್ಟಾ ಭಾಷಣಕಾರರೆಂದೂ, ಕನ್ನಡಕ ಮಾರುತ್ತ ಆ ಕಲೆ ಹಾಳಾಯಿತೆಂದೂ ಅವರ ನಂಬಿಕೆ. ಕನ್ನಡಿಯ ಮುಂದೆ ಆ ಭಾಷಣವನ್ನು ಅವರು ಎಷ್ಟು ಸಲ ಮಾಡಿದ್ದರೆಂದರೆ, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಅದು ಬಾಯಿಪಾಠವಾಗಿ, ಆಕೆ ತರಕಾರಿ ಹೆಚ್ಚುತ್ತಲೇ ಎರಡು ಸಾಲು ಮುಂದೆ ಹೋಗಿ ಗಂಡನಿಗಾಗಿ ಕಾಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಕೇಳುಗರಿಗೆಂದು ಹನ್ನೆರಡು ಮಡಿಸುವ ಕುರ್ಚಿಗಳನ್ನೂ ಸಾಲಾಗಿ ಇಟ್ಟಿದ್ದಾಯಿತು. ಅವುಗಳ ಮೇಲೆ ಇದುವರೆಗೆ ಕೂತದ್ದು ಧೂಳು ಮಾತ್ರ.

ಹೀಗಿರುವಾಗ ಒಂದು ಶನಿವಾರ ಮೇಲ್ವಿಚಾರಕರಿಂದ ಕಾಗದ ಬಂತು. ಸುತ್ತಮುತ್ತಲಿನ ಎಂಟು ಊರುಗಳ ಸೇವೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಅವರು. ಕಾಗದ ಚಿಕ್ಕದು. ಮುಂದಿನ ಶನಿವಾರ ಸಂಜೆ ಐದರ ಪ್ರಾರ್ಥನಾ ಕೂಟಕ್ಕೆ ತಾವೇ ಬರುವುದಾಗಿಯೂ, ಕನಿಷ್ಠ ಆರು ಜನ ಬಾರದಿದ್ದಲ್ಲಿ ಆ ಊರಿನ ಸೇವೆಯನ್ನು ಮುಚ್ಚಿ ದಂಪತಿಗಳನ್ನು ವಾಪಸು ಕಳಿಸುವುದಾಗಿಯೂ ಬರೆದಿದ್ದರು. ಜೊತೆಗೆ ಒಂದು ಫಾರಂ. ಅದರಲ್ಲಿ ‘ಈ ವಾರ ದೊರೆತ ಐದು ಆಶೀರ್ವಾದಗಳು’ ಎಂಬ ತಲೆಬರಹದ ಕೆಳಗೆ ಐದು ಖಾಲಿ ಗೆರೆಗಳು.

ವಾಪಸು ಹೋಗುವುದೆಂದರೆ ಹುಡುಗಾಟವಲ್ಲ. ಇವರನ್ನು ಬೀಳ್ಕೊಡಲು ಇಡೀ ಸಭೆಯೇ ರೈಲು ನಿಲ್ದಾಣಕ್ಕೆ ಬಂದಿತ್ತು. ಕನ್ನಡಕದವರು ಬೋಗಿಯ ಬಾಗಿಲಲ್ಲಿ ನಿಂತು, “ಒಂದು ವರ್ಷ ನನ್ನ ಮುಖ ನೋಡಲಾರಿರಿ” ಎಂದು ಗದ್ಗದಿತರಾಗಿ ಕೈಬೀಸಿದ್ದರು. ಈಗ ನಾಲ್ಕೇ ತಿಂಗಳಿಗೆ ಆ ಮುಖವನ್ನು ಹೇಗೆ ತೋರಿಸುವುದು?

ಭಾನುವಾರ ಗಂಡ ಹೆಂಡತಿ ಫಾರಂ ಮುಂದಿಟ್ಟುಕೊಂಡು ಕೂತರು.

“ಬಸ್ಸಲ್ಲಿ ಸೀಟ್ ಸಿಕ್ತಲ್ಲ, ಅದನ್ನ ಬರೀರಿ” ಎಂದರು ಹೆಂಡತಿ.

“ಅದೆಲ್ಲ ಆಶೀರ್ವಾದ ಅಲ್ಲ ಕಣೇ. ಒಬ್ಬ ಎದ್ದು ಇಳಿದ, ನಾನು ಕೂತೆ.”

“ಅವನನ್ನ ಇಳಿಸಿದ್ದು ಯಾರು?”

“ಕಂಡಕ್ಟರ್. ಅವನ ಹತ್ರ ಟಿಕೆಟ್ ಇರಲಿಲ್ಲ.”

ಮೊದಲನೆಯ ಗೆರೆ ಖಾಲಿಯೇ ಉಳಿಯಿತು.

ಸೋಮವಾರ ಹೆಂಡತಿಗೆ ಮಂಡಿನೋವು. ಕನ್ನಡಕದವರು ಒಬ್ಬರೇ ಎರಡು ಬೀದಿ ಆಚೆಯ ನಾಲ್ಕಂತಸ್ತಿನ ಕಟ್ಟಡಕ್ಕೆ ಹೋದರು. ಮೊದಲೆರಡು ಅಂತಸ್ತಿನಲ್ಲಿ ಎಂದಿನಂತೆ ಕಣ್ಣುಗಳು ಬಂದು ಹೋದವು. ಮೂರನೆಯ ಅಂತಸ್ತಿನಲ್ಲಿ ಒಂದು ಕದ ತಟ್ಟಿದಾಗ ಒಳಗಿನಿಂದ ಹೆಂಗಸಿನ ದನಿ ಕೇಳಿತು.

“ಯಾರು?”

“ಮಿಷನ್‌ನವರು.”

ಒಳಗೆ ಓಡಿಬರುವ ಹೆಜ್ಜೆಗಳ ಸದ್ದು. ಚಿಲಕ, ಅಗುಳಿ, ಸರಪಳಿ ಮೂರೂ ಒಂದರ ಹಿಂದೊಂದು ಕಳಚಿದವು. ಬಾಗಿಲು ಎರಡೂ ಕಡೆಗೆ ತೆರೆದುಕೊಂಡಿತು. ಲೆಕ್ಕದ ಪಾಠ ಹೇಳಿ ನಿವೃತ್ತರಾದ, ಆ ಕಟ್ಟಡವೆಲ್ಲ ಟೀಚರಮ್ಮ ಎಂದು ಕರೆಯುವ ಹೆಂಗಸು ಹೊಸ್ತಿಲಲ್ಲಿ ನಿಂತಿದ್ದರು. ಒಂಟಿ ಜೀವ, ಒದ್ದೆ ಕೈ, ಮುಖದಲ್ಲಿ ಅಪಾರ ನೆಮ್ಮದಿ.

“ಅಂತೂ ಬಂದ್ರಲ್ಲ. ಒಂಬತ್ತು ದಿನದಿಂದ ನಿಮಗೇ ಕಾಯ್ತಿದೀನಿ.”

ನಾಲ್ಕು ತಿಂಗಳಲ್ಲಿ ಇಂಥ ಮಾತನ್ನು ಕನ್ನಡಕದವರು ಕೇಳಿದ್ದು ಇದೇ ಮೊದಲು. ಕೂರಿಸಿ ಟೀ ಕೊಟ್ಟ ಟೀಚರಮ್ಮ, ಎದುರು ಕೂತು ಕಷ್ಟ ತೋಡಿಕೊಂಡರು.

“ಏನ್ ಹೇಳ್ಲಿ. ಒಳಗೆಲ್ಲ ಕೊಳೆ ನಿಂತುಬಿಟ್ಟಿದೆ. ಹೊರಗೆ ಹೋಗ್ತಾನೇ ಇಲ್ಲ.”

“ಅಮ್ಮಾ, ಕೊಳೆ ಎಲ್ಲರ ಒಳಗೂ ಇದೆ” ಎಂದರು ಕನ್ನಡಕದವರು. ಇದು ಅವರ ಭಾಷಣದ ಹನ್ನೊಂದನೆಯ ನಿಮಿಷದಲ್ಲಿ ಬರುವ ಮಾತು.

“ಹೌದಾ? ಎಲ್ಲರದ್ದೂ ಹೀಗೇನಾ? ನನ್ನದೊಂದೇ ಅನ್ಕೊಂಡಿದ್ದೆ.”

“ಎಲ್ಲರದ್ದೂ. ಅದನ್ನ ತೊಳೆಯೋನು ಮಾತ್ರ ಒಬ್ಬನೇ.”

“ಇಡೀ ಊರಿಗೆ ಒಬ್ಬರೇನಾ? ಅದಕ್ಕೇ ಒಂಬತ್ತು ದಿನ ಆಗಿದೆ” ಎಂದು ಟೀಚರಮ್ಮ ಮರುಗಿ, “ಬನ್ನಿ, ಬಚ್ಚಲಲ್ಲಿದೆ” ಎಂದು ಎದ್ದರು.

ಬಚ್ಚಲಲ್ಲಿ, ಹೊಟ್ಟೆ ತುಂಬ ಸೋಪಿನ ನೀರು ತುಂಬಿಕೊಂಡು, ವಾಷಿಂಗ್ ಮಿಷನ್ ನಿಂತಿತ್ತು.

ನಿಜ ಹೇಳುವುದಕ್ಕೆ ಅದೇ ಸರಿಯಾದ ಗಳಿಗೆ. ಆದರೆ ಕೈಯಲ್ಲಿ ಅವರ ಮನೆಯ ಟೀ ಲೋಟ ಇನ್ನೂ ಅರ್ಧ ಉಳಿದಿತ್ತು. ಅರ್ಧ ಟೀ ಕುಡಿದ ಮೇಲೆ, ನಾನು ನೀವಂದುಕೊಂಡವನಲ್ಲ ಎಂದು ಹೇಳುವುದು ಎಂಥವರಿಗೂ ಕಷ್ಟ. ಕನ್ನಡಕದವರಂಥ ಸಂಕೋಚದ ಮನುಷ್ಯರಿಗೆ ಅಸಾಧ್ಯ. ಅವರ ಜೇಬಿನಲ್ಲಿ ಹಳೆಯ ಚಾಳಿಯಿಂದಾಗಿ ಕನ್ನಡಕದ ಪುಟ್ಟ ಸ್ಕ್ರೂಡ್ರೈವರ್ ಸದಾ ಇರುತ್ತಿತ್ತು. ಬಗ್ಗಿ, ಮಿಷನ್ನಿನ ಬುಡದಲ್ಲಿದ್ದ ಮುಚ್ಚಳವನ್ನು ಹೇಗೋ ಬಿಚ್ಚಿದರು. ಒಂಬತ್ತು ದಿನದ ನೀರು ಅವರ ಪಾದಗಳನ್ನು ತೊಳೆದು ಹೊರಟಿತು. ಅದರ ಹಿಂದೆಯೇ ಒಂದು ಕೋಟಿನ ಗುಂಡಿ, ಎರಡು ಪಿನ್ನು, ಅರ್ಧ ಕರ್ಚೀಫು. ಮುಚ್ಚಳ ಹಾಕಿ ಸ್ವಿಚ್ ಒತ್ತಿದಾಗ ಮಿಷನ್ ಗುರ್ ಎಂದು ತಿರುಗಿತು. ಇಬ್ಬರಲ್ಲಿ ಹೆಚ್ಚು ಬೆಚ್ಚಿಬಿದ್ದವರು ಕನ್ನಡಕದವರೇ.

“ಟೀಚರಮ್ಮ, ಒಂದು ಮಾತು. ನಾನು ಆ ಮಿಷನ್‌ನವನಲ್ಲ.”

“ಗೊತ್ತಾಯ್ತು ಬಿಡಿ. ಬರೀ ವಾಷಿಂಗ್ ಮಿಷನ್ ಅಲ್ಲ, ನೀವು ಎಲ್ಲಾ ಮಿಷನ್ನೂ ನೋಡ್ತೀರಿ” ಎಂದ ಟೀಚರಮ್ಮ ಮೆಟ್ಟಿಲ ಬಳಿ ನಿಂತು ಮೇಲಿನ ಮನೆಗೆ ಕೂಗಿದರು: “ನಿಮ್ಮ ಫ್ಯಾನ್ ತಿರುಗ್ತಿಲ್ಲ ಅಂತಿದ್ರಲ್ಲ, ಮಿಷನ್‌ನವರು ಬಂದಿದಾರೆ. ತುಂಬಾ ವಿನಯವಂತರು. ಏನೂ ತಗೊಳ್ಳಲ್ಲ.”

ಅಂದು ಮನೆಗೆ ಬಂದಾಗ ಕನ್ನಡಕದವರ ಶೂಗಳು ಪಚಪಚ ಎನ್ನುತ್ತಿದ್ದವು.

“ಬಾಗಿಲು ತೆಗೆದ್ರಾ?” ಎಂದು ಹೆಂಡತಿ ಕೇಳಿದರು.

“ಮೂರು ಮನೆಯವರು ತೆಗೆದ್ರು. ಒಂದು ವಾಷಿಂಗ್ ಮಿಷನ್, ಒಂದು ಫ್ಯಾನು, ಒಂದು ಇಸ್ತ್ರಿಪೆಟ್ಟಿಗೆ.”

ಎಲ್ಲವನ್ನೂ ಕೇಳಿ ಆಕೆ, “ನಾಳೆ ಹೋಗಿ ನಿಜ ಹೇಳಿಬಿಡಿ” ಎಂದರು. ಆಮೇಲೆ, “ಆದ್ರೂ ಟೀ ಕೊಟ್ರಲ್ಲ, ಅದನ್ನ ಬರೀರಿ” ಎಂದರು. ಈ ಸಲ ಅವರು ಬರೆದರು.

ಮಂಗಳವಾರ ನಿಜ ಹೇಳಲೆಂದೇ ಹೊರಟರು. ಆದರೆ ಗೇಟಿನಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿಗಳು ತಡೆದರು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕಡತ ತಿದ್ದಿ ಬಂದವರು. ದಾಖಲಾಗದ ಯಾವ ಸಂಗತಿಯನ್ನೂ ಅವರು ನಡೆದದ್ದೆಂದು ಒಪ್ಪುತ್ತಿರಲಿಲ್ಲ. ಮುಂದೆ ರಿಜಿಸ್ಟರ್ ತೆರೆದಿತ್ತು.

“ಬಂದ ಉದ್ದೇಶ?”

“ಸೇವೆ ಮಾಡೋದು ಸಾರ್. ನಾನು ಸೇವೆಗೆ ಬಂದವನು. ಅದನ್ನೇ ನಿಮ್ಮೆಲ್ಲರಿಗೂ ಸ್ಪಷ್ಟವಾಗಿ ಹೇಳೋಣ ಅಂತ.”

“ಸರ್ವಿಸ್” ಎಂದು ಕಾರ್ಯದರ್ಶಿಗಳು ಬರೆದುಕೊಂಡರು. “ಎಷ್ಟು ದಿನ?”

“ಒಂದು ವರ್ಷ.”

“ಫೀಸು?”

“ಛೆ, ಛೆ. ಸೇವೆ ಅಂದ್ಮೇಲೆ ಫೀಸೆಲ್ಲಿ ಬಂತು ಸಾರ್.”

ಕಾರ್ಯದರ್ಶಿಗಳು ಪೆನ್ನು ಕೆಳಗಿಟ್ಟು ಎದ್ದು ನಿಂತರು. ‘ಒಂದು ವರ್ಷ ಉಚಿತ ಸರ್ವಿಸ್’ ಎಂಬ ನಾಲ್ಕು ಪದಗಳನ್ನು ಅವರು ಜೀವಮಾನದಲ್ಲಿ ಜಾಹೀರಾತಿನಲ್ಲಿ ಓದಿದ್ದುಂಟು, ಮನುಷ್ಯರೂಪದಲ್ಲಿ ಕಂಡಿರಲಿಲ್ಲ. ಸ್ವತಃ ಮುಂದೆ ನಡೆದು, ತಮ್ಮ ಮನೆಗೇ ಮೊದಲು ಕರೆದೊಯ್ದರು.

ಅಲ್ಲಿಂದ ಮುಂದೆ ನಾಲ್ಕು ದಿನ ಕನ್ನಡಕದವರಿಗೆ ಉಸಿರಾಡಲು ಬಿಡುವಿರಲಿಲ್ಲ. ಅರ್ಧಕ್ಕರ್ಧ ಯಂತ್ರಗಳಿಗೆ ಕಾಯಿಲೆಯೇ ಇರಲಿಲ್ಲ. ಪ್ಲಗ್ ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಒಂದು ಸ್ಕ್ರೂ ಸಡಿಲವಾಗಿತ್ತು. ಸಡಿಲವಾದ ಸ್ಕ್ರೂ ಕಂಡರೆ ಕನ್ನಡಕದವರ ಬೆರಳುಗಳು ತಾವಾಗಿಯೇ ಚುರುಕಾಗುತ್ತಿದ್ದವು. ಪ್ರತಿ ಮನೆಯಲ್ಲೂ ಅವರು ಶುರುವಿನಲ್ಲಿ, “ನಿಜ ಹೇಳ್ಬೇಕು ಅಂದ್ರೆ...” ಎನ್ನುತ್ತಿದ್ದರು. ಪ್ರತಿ ಮನೆಯವರೂ ಗಾಬರಿಯಾಗಿ, “ಪೂರ್ತಿ ಹೋಗಿಬಿಟ್ಟಿದೆಯಾ?” ಎಂದು ಕೇಳುತ್ತಿದ್ದರು. “ಹಾಗೇನಿಲ್ಲ, ಸರಿಹೋಗುತ್ತೆ” ಎಂದು ಸಮಾಧಾನ ಹೇಳುವುದರಲ್ಲೇ ನಿಜ ಹಿಂದೆ ಸರಿಯುತ್ತಿತ್ತು.

ಕೊನೆಗೆ ಹೆಂಡತಿಯೇ ಉಪಾಯ ಹೇಳಿದರು. ಬಾಯಲ್ಲಿ ಬಾರದ್ದನ್ನು ಬರೆದು ಹಾಕಬಹುದಲ್ಲ. ಬುಧವಾರ ಕನ್ನಡಕದವರು ತಮ್ಮ ವಕ್ರ ಅಕ್ಷರದಲ್ಲಿ ಒಂದು ನೋಟೀಸು ಬರೆದರು: ‘ಮುರಿದ ಮನಸ್ಸುಗಳು ಸರಿಯಾಗುತ್ತವೆ. ಶನಿವಾರ ಸಂಜೆ ಐದಕ್ಕೆ ನಮ್ಮ ಮನೆಗೆ ಎಲ್ಲರೂ ಬನ್ನಿ. ಇದ್ದ ಹಾಗೆಯೇ ಬನ್ನಿ.’ ಕೆಳಗೆ ವಿಳಾಸ. ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಯಾರಿಗಾದರೂ ಅನುಮಾನ ಉಳಿದೀತೇ ಎಂದು ನಿರಾಳರಾಗಿ ಅದನ್ನು ಕಾರ್ಯದರ್ಶಿಗಳಿಗೆ ಕೊಟ್ಟುಬಂದರು.

ತಿದ್ದದ ಕಾಗದವನ್ನು ಬೋರ್ಡಿಗೆ ಹಾಕಿದವರಲ್ಲ ಕಾರ್ಯದರ್ಶಿಗಳು. ‘ಮನಸ್ಸುಗಳು’ ಎಂಬಲ್ಲಿ ಕಣ್ಣು ನಿಂತಿತು. ಪಾಪ, ಕೆಲಸಗಾರ, ಕಾಗುಣಿತ ತಪ್ಪಿದ್ದಾನೆ ಎಂದು ಮರುಗಿ, ಕೆಂಪು ಶಾಯಿಯಲ್ಲಿ ‘ಮಿಷನ್ನುಗಳು’ ಎಂದು ಸರಿಪಡಿಸಿದರು. ‘ಇದ್ದ ಹಾಗೆಯೇ ಬನ್ನಿ’ ಎಂಬುದು ಅಪೂರ್ಣ ವಾಕ್ಯವಾಗಿ ಕಂಡು, ‘ಇದ್ದ ಹಾಗೆಯೇ ತನ್ನಿ, ಬಿಚ್ಚಬೇಡಿ’ ಎಂದು ಪೂರ್ಣಗೊಳಿಸಿದರು. ಕೆಳಗೆ ತಮ್ಮದೇ ವಿಶೇಷ ಸೂಚನೆ: ‘ಪ್ರತಿ ಮನೆಗೆ ಒಂದು ವಸ್ತು ಮಾತ್ರ.’

ಇತ್ತ ಗುರುವಾರ, ಟೀಚರಮ್ಮ ದೂರು ಕೊಟ್ಟು ಹನ್ನೆರಡನೆಯ ದಿನಕ್ಕೆ, ವಾಷಿಂಗ್ ಮಿಷನ್ ಕಂಪನಿಯ ಅಸಲಿ ಮೆಕ್ಯಾನಿಕ್ ಬಂದ. ದಪ್ಪ ಮೀಸೆ, ಕೈಯಲ್ಲಿ ಭಾರದ ಪೆಟ್ಟಿಗೆ.

“ನಿಮ್ಮವರು ಸೋಮವಾರವೇ ಬಂದು ಹೋದ್ರಲ್ಲ” ಎಂದರು ಟೀಚರಮ್ಮ. “ನಿಮಗಿಂತ ತಾಳ್ಮೆಯ ಮನುಷ್ಯ.”

ಈ ಊರಿನಲ್ಲಿ ಕಂಪನಿಗೆ ತಾನಲ್ಲದೆ ಬೇರೆ ಮೆಕ್ಯಾನಿಕ್ ಇಲ್ಲ ಎಂದು ಮೀಸೆಯವನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ಬಂದು ರಿಜಿಸ್ಟರ್ ನೋಡಿದ. ನೋಟೀಸು ಓದಿದ. ಶನಿವಾರ ಐದಕ್ಕೆ ಈ ವಂಚಕನನ್ನು ಹಿಡಿದೇ ತೀರುತ್ತೇನೆಂದು ವಿಳಾಸ ಬರೆದುಕೊಂಡ.

ಶನಿವಾರ ನಾಲ್ಕೂವರೆಗೆ ಮೇಲ್ವಿಚಾರಕರು ವ್ಯಾನಿನಲ್ಲಿ ಬಂದಿಳಿದರು. ಎತ್ತರದ ಆಳು, ಗಂಭೀರ ಮುಖ. ಹನ್ನೆರಡು ಖಾಲಿ ಕುರ್ಚಿಗಳನ್ನು ಎಣಿಸಿ, ಕನ್ನಡಕದವರ ಹೆಗಲ ಮೇಲೆ ಕೈಯಿಟ್ಟು, “ಬೇಸರ ಮಾಡ್ಕೋಬೇಡಿ. ಎಲ್ಲ ಹೊಲವೂ ಒಂದೇ ಥರ ಇರೋಲ್ಲ” ಎಂದರು. ಕನ್ನಡಕದವರ ಹೆಂಡತಿ ಒಳಗೆ ಹೋಗಿ ಪೆಟ್ಟಿಗೆಯ ಬೀಗದ ಕೈ ಹುಡುಕತೊಡಗಿದರು.

ಐದಕ್ಕೆ ಸರಿಯಾಗಿ ಹೊರಗೆ ಹೆಜ್ಜೆಸದ್ದು. ಮೊದಲು ಟೀಚರಮ್ಮ, ಕಂಕುಳಲ್ಲಿ ಮಿಕ್ಸಿ. ಹಿಂದೆ ಕಾರ್ಯದರ್ಶಿಗಳು, ಎದೆಗೊತ್ತಿಕೊಂಡ ಟೇಬಲ್ ಫ್ಯಾನ್. ಆಮೇಲೆ ಇಸ್ತ್ರಿಪೆಟ್ಟಿಗೆ, ಟೇಪ್‌ರೆಕಾರ್ಡರ್, ಗೋಡೆ ಗಡಿಯಾರ. ನೆಲಮಹಡಿಯ ದರ್ಜಿ ಮತ್ತು ಅವನ ಭಾವಮೈದ ಸೇರಿ ಹೊಲಿಗೆ ಮಿಷನ್ನನ್ನು ಹೊತ್ತು ತಂದರು. ಎಲ್ಲರೂ ಕುರ್ಚಿಗಳಲ್ಲಿ ಕೂತು, ತಮ್ಮ ತಮ್ಮ ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು, ಸರದಿಗಾಗಿ ಶಾಂತರಾಗಿ ಕಾದರು. ಹನ್ನೊಂದು ಜನ.

ಮೇಲ್ವಿಚಾರಕರ ಕಣ್ಣು ತುಂಬಿಬಂತು. ನಲವತ್ತು ವರ್ಷದ ಸೇವೆಯಲ್ಲಿ ಅವರು ಕೂಟಗಳನ್ನು ಕಂಡಿದ್ದರು, ಆದರೆ ಕರೆದ ಮೊದಲ ದಿನವೇ ಮನೆಯ ಸಾಮಾನನ್ನು ಹೊತ್ತು ತಂದು ಅರ್ಪಿಸುವ ಜನರನ್ನು ಕಂಡಿರಲಿಲ್ಲ. ಕನ್ನಡಕದವರು, “ಅಯ್ಯನವರೇ, ಇದು ಹಾಗಲ್ಲ...” ಎಂದು ಬಾಯಿ ತೆರೆದರು. ಮೇಲ್ವಿಚಾರಕರು ಕೈ ಎತ್ತಿ ತಡೆದರು.

“ನೀವು ಮಾತಾಡ್ಬೇಡಿ. ನಿಮ್ಮ ಕೆಲಸವೇ ಮಾತಾಡ್ತಿದೆ.” ಮತ್ತೆ ಜನರ ಕಡೆ ತಿರುಗಿ, “ನೀವು ಮನಸಾರೆ ತಂದಿದೀರಿ. ಇದೆಲ್ಲ ಇಲ್ಲದವರ ಮನೆ ಸೇರುತ್ತೆ. ಹೊರಗೆ ವ್ಯಾನ್ ಇದೆ, ಒಂದೊಂದಾಗಿ ಇಡೋಣ” ಎಂದರು.

ಹನ್ನೊಂದು ಜನರೂ ತಮ್ಮ ವಸ್ತುಗಳನ್ನು ತಬ್ಬಿಕೊಂಡರು.

“ವರ್ಕ್‌ಶಾಪಿಗೆ ತಗೊಂಡು ಹೋಗೋದಾದ್ರೆ ರಸೀದಿ ಕೊಡ್ಬೇಕು” ಎಂದರು ಕಾರ್ಯದರ್ಶಿಗಳು.

“ದೇವರಿಗೆ ಕೊಟ್ಟಿದ್ದಕ್ಕೆ ರಸೀದಿ ಕೇಳ್ತೀರಾ?”

“ದೇವರಿಗೆ ಯಾರು ಕೊಟ್ರು? ಇದು ನನ್ನ ಹೆಂಡತಿ ಫ್ಯಾನು. ಸೋಮವಾರದೊಳಗೆ ವಾಪಸ್ ಬೇಕು.”

ಇಷ್ಟರಲ್ಲಿ ಬಾಗಿಲಲ್ಲಿ ಮೀಸೆ ಕಾಣಿಸಿತು.

“ಮಿಷನ್‌ನವರು ಅಂತ ಹೇಳ್ಕೊಂಡು ಊರೆಲ್ಲ ತಿರುಗ್ತಿರೋರು ಯಾರು?”

“ನಾನೇ” ಎಂದು ಮೇಲ್ವಿಚಾರಕರು ಹೆಮ್ಮೆಯಿಂದ ಮುಂದೆ ಬಂದರು. “ನಲವತ್ತು ವರ್ಷದಿಂದ ಇದರಲ್ಲೇ ಇದೀನಿ.”

“ನಲವತ್ತು ವರ್ಷದಿಂದಾನಾ? ಯಾರ ಪರ್ಮಿಶನ್ ಇದೆ ನಿಮಗೆ?”

“ನಮ್ಮ ಒಡೆಯನದು. ಮೇಲಿದಾನೆ” ಎಂದು ಅವರು ಬೆರಳು ಮೇಲೆತ್ತಿದರು.

“ಮೇಲಿದ್ರೆ ಕೆಳಗೆ ಕರೀರಿ. ಇವತ್ತು ಅವನ ಹತ್ರಾನೇ ಮಾತಾಡಿಬಿಡ್ತೀನಿ.”

ಕನ್ನಡಕದವರಿಗೆ ಇನ್ನು ತಡೆಯಲಾಗಲಿಲ್ಲ. ಅವರು ಎದ್ದು ಇಬ್ಬರ ನಡುವೆ ಬಂದು ನಿಂತರು.

“ತಪ್ಪು ನನ್ನದು. ನಾನು ಮಿಷನ್‌ನವನಲ್ಲ. ಅಂದ್ರೆ, ಮಿಷನ್‌ನವನೇ. ಆದ್ರೆ ಇವರ ಮಿಷನ್” ಎಂದು ಮೇಲ್ವಿಚಾರಕರನ್ನು ತೋರಿಸಿ, “ಇವರ ಮಿಷನ್ ಅಲ್ಲ” ಎಂದು ಮೀಸೆಯವನನ್ನು ತೋರಿಸಿದರು. “ನಾನು ಕನ್ನಡಕ ಮಾಡ್ತಿದ್ದವನು. ದೇವರ ಮಾತು ಹೇಳೋಕೆ ಅಂತ ಈ ಊರಿಗೆ ಬಂದೆ. ನಾಲ್ಕು ತಿಂಗಳಾದ್ರೂ ಯಾರೂ ಬಾಗಿಲು ತೆಗೀಲಿಲ್ಲ. ಸೋಮವಾರ ಒಂದು ಬಾಗಿಲು ತೆಗೀತು, ಅದನ್ನ ಮತ್ತೆ ಮುಚ್ಚಿಸೋಕೆ ಮನಸ್ಸು ಬರಲಿಲ್ಲ. ಅಯ್ಯನವರೇ, ಇವರು ಯಾರೂ ಕೂಟಕ್ಕೆ ಬಂದಿಲ್ಲ. ರಿಪೇರಿಗೆ ಬಂದಿದಾರೆ.”

ಮೇಲ್ವಿಚಾರಕರ ಎತ್ತಿದ ಬೆರಳು ನಿಧಾನವಾಗಿ ಕೆಳಗಿಳಿಯಿತು. ಕಾರ್ಯದರ್ಶಿಗಳು ತಮ್ಮ ಕೆಂಪು ಶಾಯಿಯನ್ನು ನೆನೆದು ಫ್ಯಾನಿನ ಹಿಂದೆ ಮುಖ ಮರೆಸಿಕೊಂಡರು. ಕೊನೆಗೆ ಮಾತಾಡಿದವರು ಟೀಚರಮ್ಮ.

“ನನಗೆ ಸೋಮವಾರವೇ ಅನುಮಾನ ಬಂದಿತ್ತು. ಕಂಪನಿಯವರು ಇಷ್ಟು ಮರ್ಯಾದೆಯಾಗಿ ಮಾತಾಡಲ್ಲ.” ಮೀಸೆಯವನು ಕೆಮ್ಮಿದ. “ಹೋಗ್ಲಿ, ನಾಲ್ಕು ತಿಂಗಳಿಂದ ಏನೋ ಹೇಳ್ಬೇಕು ಅಂತಿದ್ರಲ್ಲ. ಈಗ ಹೇಳಿ, ಎಲ್ಲರೂ ಇದೀವಿ.”

ಕನ್ನಡಕದವರು ಇಂಥ ಒಂದು ಕ್ಷಣಕ್ಕಾಗಿಯೇ ನಲವತ್ತು ನಿಮಿಷದ ಭಾಷಣವನ್ನು ಕಾಪಾಡಿಕೊಂಡು ಬಂದಿದ್ದರು. ಬಾಯಿ ತೆರೆದರು. ಒಂದೇ ಒಂದು ಸಾಲೂ ನೆನಪಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಮೊದಲ ಸಾಲನ್ನು ತುಟಿಯಲ್ಲೇ ಆಡಿ ತೋರಿಸುತ್ತಿದ್ದರು. ಅದೂ ಇವರಿಗೆ ತಿಳಿಯಲಿಲ್ಲ.

“ಮರೆತುಹೋಯ್ತು” ಎಂದರು. ಆಮೇಲೆ, “ಈ ವಾರ ನಡೆದಿದ್ದನ್ನ ಹೇಳ್ಲಾ?” ಎಂದು ಕೇಳಿದರು. ಯಾರೂ ಬೇಡ ಎನ್ನಲಿಲ್ಲ.

“ಸೋಮವಾರ ಟೀಚರಮ್ಮ ಟೀ ಕೊಟ್ರು. ಶೂ ಒದ್ದೆಯಾಯ್ತು ಅಂತ ಹಳೇ ಟವೆಲ್ ಕೊಟ್ರು. ಮಂಗಳವಾರ ಕಾರ್ಯದರ್ಶಿಗಳ ಮನೇಲಿ ಅವರ ತಾಯಿ ನನ್ನ ಕೈ ಹಿಡ್ಕೊಂಡು, ಯಾರ ಮಗ ನೀನು ಅಂದ್ರು. ನನ್ನನ್ನ ಹಾಗೆ ಕೇಳಿ ಎಷ್ಟು ವರ್ಷ ಆಗಿತ್ತೋ. ಬುಧವಾರ ದರ್ಜಿಯವರು ನನ್ನ ಅಂಗಿ ತೋಳು ಹರಿದಿದ್ದನ್ನ ನೋಡಿ, ಕೇಳದೇನೇ ಹೊಲ್ಕೊಟ್ರು. ನಿನ್ನೆ ಗೇಟ್ ದಾಟುವಾಗ ಮೇಲಿಂದ ಯಾರೋ, ಬಂದ್ರಾ, ಅಂತ ಕೂಗಿದ್ರು. ನಾಲ್ಕು ತಿಂಗಳಿಂದ ಈ ಊರಲ್ಲಿ ನನ್ನನ್ನ ಬಂದ್ರಾ ಅಂತ ಕೇಳಿದೋರು ಇರಲಿಲ್ಲ. ಇಷ್ಟೇ. ಇದನ್ನೆಲ್ಲ ಕೊಟ್ಟೋನು ದೇವರು ಅಂತ ನಾನು ನಂಬ್ತೀನಿ. ನೀವು ಏನು ನಂಬ್ತೀರೋ ಗೊತ್ತಿಲ್ಲ. ಆದ್ರೆ ಕೊಟ್ಟಿದ್ದು ನಿಮ್ಮ ಕೈಯಿಂದ.”

ಒಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಅವರು ಬೆವರೊರೆಸಿಕೊಂಡು ಕೂತರು. ದರ್ಜಿ ತನ್ನ ಮಿಷನ್ನಿನ ಚಕ್ರವನ್ನು ಸುಮ್ಮನೆ ಸವರುತ್ತಿದ್ದ. ಮೀಸೆಯವನು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ. ಆಮೇಲೆ ನೇರವಾಗಿ ಬಂದು ಕಾರ್ಯದರ್ಶಿಗಳ ಫ್ಯಾನನ್ನು ಎತ್ತಿ ತಿರುಗಿಸಿ ನೋಡಿದ.

“ಈ ಸ್ಕ್ರೂ ಕೂರಿಸಿದ್ದು ಯಾರು?”

“ನಾನೇ, ಮಂಗಳವಾರ” ಎಂದರು ಕನ್ನಡಕದವರು ಅಳುಕುತ್ತ.

“ಚೆನ್ನಾಗಿ ಕೂರಿಸಿದೀರಿ. ಆದ್ರೆ ತೊಂದರೆ ಇಲ್ಲಿರಲಿಲ್ಲ.” ಅವನು ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದ. “ಯಾರಾದ್ರೂ ಸ್ವಲ್ಪ ಟಾರ್ಚ್ ಹಿಡೀರಿ.”

ಹತ್ತಿರದಲ್ಲಿದ್ದವರು ಮೇಲ್ವಿಚಾರಕರು. ನಲವತ್ತು ವರ್ಷದ ಅನುಭವಿ ಹಿರಿಯರು ಮಂಡಿಯೂರಿ ಟಾರ್ಚ್ ಹಿಡಿದರು. “ಅಲ್ಲಿ ಅಲ್ಲ, ಇಲ್ಲಿ” ಎಂದು ಮೀಸೆಯವನು ಗದರಿದಾಗ “ಸರಿ, ಸರಿ” ಎಂದರು. ಏಳು ಗಂಟೆಯವರೆಗೆ ಕೆಲಸ ನಡೆಯಿತು. ಎರಡು ಸಲ ಟೀ ಆಯಿತು. ಗೋಡೆ ಗಡಿಯಾರವೊಂದು ಬಿಟ್ಟು ಎಲ್ಲವೂ ಸರಿಹೋದವು; ಅದನ್ನು ಬಿಚ್ಚಿದವರು ಕನ್ನಡಕದವರು.

ಎಲ್ಲರೂ ಹೋದ ಮೇಲೆ ಮೇಲ್ವಿಚಾರಕರು ಕೈ ತೊಳೆದುಕೊಂಡು ಬಂದು ತಮ್ಮ ಫಾರಂ ತೆಗೆದರು. ಗಂಡ ಹೆಂಡತಿ ಗೋಡೆಗೊರಗಿ ನಿಂತರು.

“ಹಾಜರಿ, ಹನ್ನೊಂದು” ಎಂದು ಅವರು ಓದಿಕೊಳ್ಳುತ್ತ ಬರೆದರು.

“ಆದ್ರೆ ಅವರು ಬಂದಿದ್ದು ರಿಪೇರಿಗೆ ಅಯ್ಯನವರೇ” ಎಂದರು ಕನ್ನಡಕದವರು. ಪ್ರಾಮಾಣಿಕತೆ ಶುರುವಾದರೆ ಅವರಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ಹೆಂಡತಿ ಅವರ ಮೊಣಕೈ ಚಿವುಟಿದರು.

ಮೇಲ್ವಿಚಾರಕರು ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ಗಂಭೀರವಾಗಿ ಪರಿಶೀಲಿಸಿದರು.

“ಎಷ್ಟು ಜನ ಬಂದರು ಅನ್ನೋ ಕಲಂ ಇದೆ. ಯಾಕೆ ಬಂದರು ಅನ್ನೋ ಕಲಂ ಇದರಲ್ಲಿ ಇಲ್ಲ” ಎಂದು ರುಜು ಹಾಕಿ ವ್ಯಾನು ಹತ್ತಿದರು.

ಮರುದಿನ ಮಧ್ಯಾಹ್ನ ಕನ್ನಡಕದವರು ಕುರ್ಚಿಗಳನ್ನು ಒಂದೊಂದಾಗಿ ಮಡಿಸಿ ಗೋಡೆಗೆ ಒರಗಿಸುತ್ತಿದ್ದರು. ಇನ್ನು ಮೀಸೆಯವನು ವಾರಕ್ಕೊಮ್ಮೆ ಆ ಕಟ್ಟಡಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಹಾಗಾಗಿ ತಮ್ಮನ್ನು ಕೇಳುವವರು ಮತ್ತೆ ಯಾರೂ ಇರುವುದಿಲ್ಲವೆಂದು ಅವರು ಹೆಂಡತಿಗೆ ಎರಡು ಸಲ ಹೇಳಿ ಆಗಿತ್ತು. ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಟೀಚರಮ್ಮ ಬಂದು ನಿಂತರು. ಅವರ ಕೈಯಲ್ಲಿ ಮಿಕ್ಸಿ ಇರಲಿಲ್ಲ, ಫ್ಯಾನ್ ಇರಲಿಲ್ಲ, ಒಂದು ವೈರಿನ ತುಂಡೂ ಇರಲಿಲ್ಲ.

“ಬನ್ನಿ ಟೀಚರಮ್ಮ. ಏನು ಕೆಟ್ಟಿದೆ?” ಎಂದು ಕನ್ನಡಕದವರು ಗಾಬರಿಯಿಂದ ಕೇಳಿದರು.

“ಏನೂ ಕೆಟ್ಟಿಲ್ಲ” ಎಂದರು ಟೀಚರಮ್ಮ, ಚಪ್ಪಲಿ ಬಿಡುತ್ತ. “ಸುಮ್ಮನೆ ಬಂದೆ.”

ಕನ್ನಡಕದವರು ಆಗ ತಾನೇ ಮಡಿಸಿದ ಕುರ್ಚಿಯನ್ನು ಬಿಡಿಸಲು ಹೋಗಿ ಬೆರಳು ಸಿಕ್ಕಿಸಿಕೊಂಡರು. ನೋವು ತಿಳಿಯಲಿಲ್ಲ.